ಜಿಲ್ಲಾ ಫೈನಲ್ ಕೈತಪ್ಪಿದ್ದು ಹೇಗೆ? ನಮ್ಮ ಹೈಸ್ಕೂಲ್ ಕಬಡ್ಡಿ ತಂಡದ ಬಗ್ಗೆ ಮಾತಾಡೋಣ ಬನ್ನಿ

ಹಳೆ ಕಾರ್ನರ್:

ಶಿವಮೊಗ್ಗದಿಂದ ಬಂದು ಮಲಗಿದರೂ ನಿದ್ದೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಆಯನೂರಿನಲ್ಲಿ ಚಹಾಕ್ಕೆ ಗಾಡಿ ನಿಲ್ಲಿಸಿದಾಗ ಹುಡುಗರು ಒಬ್ಬರೂ ಕೆಳಗೆ ಇಳಿಯಲಿಲ್ಲ. ಸಾಗರ ಬರುವವರೆಗೂ ಕಿಟಕಿ ಕಡೆ ಮುಖ ಮಾಡಿಕೊಂಡೇ ಕೂತಿದ್ದರು.

ಬರಲಾಗದವರಿಗೆ ಹೇಳುತ್ತೇನೆ. 26–33ರಲ್ಲಿ ಸೋತೆವು. ಅರ್ಧ ಆಟ ಮುಗಿದಾಗ ನಾವೇ 17–12ರಲ್ಲಿ ಮುಂದೆ ಇದ್ದೆವು. ಗೆದ್ದಿದ್ದರೆ ಬೆಂಗಳೂರು ವಿಭಾಗ ಮಟ್ಟಕ್ಕೆ ಹೋಗುತ್ತಿದ್ದೆವು. ಹೋಬಳಿ ಗೆದ್ದು, ತಾಲ್ಲೂಕು ಗೆದ್ದು, ಜಿಲ್ಲೆಯ ಕೊನೆಯ 15 ನಿಮಿಷದಲ್ಲಿ ಎಲ್ಲ ಹೋಯಿತು.

ನನಗೆ ಎರಡು ಬೇಜಾರಿದೆ. ಒಂದು, ಎಲ್ಲ ರೈಡೂ, ಅಂದರೆ ಎದುರಿನವರ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವ ಕೆಲಸ, 7ನೇ ನಂಬರ್ ಹುಡುಗನ ಮೇಲೇ ಬಿಟ್ಟಿದ್ದು. ಅವನು ಸುಸ್ತಾಗಿದ್ದು ಗ್ಯಾಲರಿಯಲ್ಲಿ ಕೂತ ನಮಗೇ ಕಾಣುತ್ತಿತ್ತು. ಎರಡು, 4ನೇ ನಂಬರ್ ಲೆಫ್ಟ್ ಕಾರ್ನರ್, ಅಂದರೆ ಸಾಲಿನ ಎಡ ತುದಿಯಲ್ಲಿ ನಿಂತು ಹಿಡಿಯುವವನು. ತಾಲ್ಲೂಕು ಮ್ಯಾಚ್‌ನಲ್ಲಿ ಕಾಲು ಹಿಡಿದರೆ ಬಿಡದ ಹುಡುಗ ಅವನು. ಫೈನಲ್‌ನ ಎರಡನೇ ಅರ್ಧದಲ್ಲಿ ಮೂರು ಸಲ ಆಂಕಲ್ ಹಾಕಿ, ಅಂದರೆ ರೈಡರ್‌ನ ಪಾದದ ಗಂಟು ಹಿಡಿದು, ಮೂರು ಸಲವೂ ಬಿಟ್ಟ. ಹೊರಗೆ ಐದು ಜನ ಬದಲಿ ಆಟಗಾರರು ಕೂತಿದ್ದರು. ಒಬ್ಬರನ್ನೂ ಇಳಿಸಲಿಲ್ಲ. ಇದನ್ನು ಮೇಷ್ಟ್ರು ನೋಡಬೇಕಿತ್ತು ಅಲ್ವಾ?

ಒಂದು ಕೋರಿಕೆ. ಮಕ್ಕಳ ಹೆಸರು ಯಾರೂ ಬರೆಯಬೇಡಿ. ಜೆರ್ಸಿ ನಂಬರ್ ಸಾಕು. ಎಲ್ಲ 15–16 ವರ್ಷದವರು.

ತೋಟದ ಮನೆ:

ನೋಡಬೇಕಿತ್ತು ಅಂತ ಮೆಲ್ಲಗೆ ಯಾಕೆ ಹೇಳುತ್ತೀರಿ ಅಣ್ಣಾ? ಮೇಷ್ಟ್ರು ಬದಲಾಗಬೇಕು. ಅಷ್ಟೇ. ಹೋದ ವರ್ಷ ಸೆಮಿಫೈನಲ್, ಈ ವರ್ಷ ಫೈನಲ್. ಎರಡು ಸಲವೂ ಮುಂದೆ ಇದ್ದು ಸೋತಿದ್ದೇವೆ. ಎರಡು ಸಲವೂ ಎರಡನೇ ಅರ್ಧದಲ್ಲಿ. ಟೈಮ್ ಔಟ್ ತೆಗೆದುಕೊಂಡಾಗ ಹುಡುಗರಿಗೆ ನೀರು ಕೊಟ್ಟು ಕಳಿಸಿದರು, ಏನಾದರೂ ಹೇಳಿಕೊಟ್ಟಿದ್ದು ನಾನು ನೋಡಲಿಲ್ಲ. ನನ್ನ ತಮ್ಮನ ಮಗ ಈ ತಂಡದಲ್ಲಿದ್ದಾನೆ. ದಿನಾ ಸಂಜೆ ಆರೂವರೆಗೆ ಮನೆಗೆ ಬರುತ್ತಾನೆ. ಇಷ್ಟು ಕಷ್ಟಪಟ್ಟ ಹುಡುಗರಿಗೆ ಒಳ್ಳೆ ಕೋಚ್ ಬೇಕು.

ಬುಲ್ಸ್ ಅಭಿಮಾನಿ:

7ನೇ ನಂಬರ್ ಮೇಲೆ ಬಿಟ್ಟಿದ್ದರಲ್ಲಿ ತಪ್ಪೇನಿದೆ? ಒಳ್ಳೆ ರೈಡರ್ ಇದ್ದರೆ ಅವನನ್ನೇ ಕಳಿಸಬೇಕು. 2019ರ ಜನವರಿಯಲ್ಲಿ ಪ್ರೊ ಕಬಡ್ಡಿ ಫೈನಲ್ ನೋಡಿದವರು ಹೇಳಿ. ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದ. ಬೆಂಗಳೂರು ಬುಲ್ಸ್ 38–33ರಲ್ಲಿ ಗುಜರಾತ್ ವಿರುದ್ಧ ಗೆದ್ದು ಮೊದಲ ಸಲ ಕಪ್ ಎತ್ತಿತು. ಅವತ್ತು ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದಿದ್ದೆವು. ಸ್ಟಾರ್ ರೈಡರ್ ಇಲ್ಲದೆ ಕಬಡ್ಡಿ ಇಲ್ಲ.

ಸ್ಕೋರ್ ಪುಸ್ತಕ:

ನಾನು ಪ್ರತಿ ಮ್ಯಾಚ್‌ಗೂ ಒಂದು ನೋಟ್‌ಬುಕ್ ಇಟ್ಟುಕೊಂಡು ಕೂರುತ್ತೇನೆ, ನಿಮಗೆಲ್ಲ ಗೊತ್ತು. ಬೆಳಿಗ್ಗೆ ಎದ್ದು ಫೈನಲ್‌ನ ಪುಟ ಮತ್ತೆ ನೋಡಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲ ಅರ್ಧದಲ್ಲಿ ನಾವು ಮಾಡಿದ್ದು 15 ರೈಡ್. ಅದರಲ್ಲಿ 11 ರೈಡ್ 7ನೇ ನಂಬರ್ ಹುಡುಗನದ್ದು. ಪಾಯಿಂಟ್ ಬಂತು, ಎದುರಿನ ಏಳೂ ಜನರನ್ನು ಔಟ್ ಮಾಡಿ ಲೋನಾ ಹಾಕಿದೆವು, ಎಲ್ಲರೂ ಕುಣಿದೆವು.

ಎರಡನೇ ಅರ್ಧದ ಮೂರನೇ ನಿಮಿಷಕ್ಕೆ ಅವನನ್ನು ಹಿಡಿದರು. ಅವನು ಹೊರಗೆ ಹೋಗುವಾಗ ಅವನಿಗಿಂತ ಮೊದಲೇ ಔಟಾದ ಇಬ್ಬರು ಅಲ್ಲಿ ಕೂತಿದ್ದರು. ಕಬಡ್ಡಿಯಲ್ಲಿ ಔಟಾದ ಸಾಲಿನಲ್ಲೇ ಒಳಗೆ ಬರಬೇಕು. ಮೊದಲು ಔಟಾದವನು ಮೊದಲು ಬರುತ್ತಾನೆ. ಅಂದರೆ ನಮ್ಮ ರೈಡರ್ ಒಳಗೆ ಬರಬೇಕಾದರೆ ನಾವು ಎದುರಿನ ಮೂವರನ್ನು ಔಟ್ ಮಾಡಬೇಕು. ಇಲ್ಲದಿದ್ದರೆ ನಾವೇ ಪೂರ್ತಿ ಔಟಾಗಿ ಲೋನಾ ಕೊಡಬೇಕು.

ಆಗ ನಮ್ಮ ಎರಡನೇ ರೈಡರ್, 10ನೇ ನಂಬರ್, ಯಾರನ್ನೂ ಮುಟ್ಟದೆ ಬೋನಸ್ ಗೆರೆ ದಾಟಿ ಎರಡು ಸಲ ಬೋನಸ್ ತಂದ. ನಾವು ಚಪ್ಪಾಳೆ ಹೊಡೆದೆವು. ನಾನೂ ಹೊಡೆದೆ. ಆದರೆ ಬೋನಸ್‌ಗೆ ಅಂಕ ಸಿಗುತ್ತದೆ, ಔಟಾದವರು ಯಾರೂ ಒಳಗೆ ಬರುವುದಿಲ್ಲ. ಎರಡು ಅಂಕ ಬಂತು, 7ನೇ ನಂಬರ್ ಕೂತಲ್ಲೇ ಕೂತಿದ್ದ. ನಾಲ್ಕು ನಿಮಿಷ ಕಳೆಯುವಷ್ಟರಲ್ಲಿ ಲೋನಾ ಕೊಟ್ಟೆವು. ಏಳೂ ಜನ ಒಳಗೆ ಬಂದರು. ಎರಡು ನಿಮಿಷದಲ್ಲಿ ಅವನು ಮತ್ತೆ ಸಿಕ್ಕಿಬಿದ್ದ. ಮತ್ತೆ ಐದು ನಿಮಿಷ ಹೊರಗೆ.

ಒಟ್ಟು 15 ನಿಮಿಷದಲ್ಲಿ 9 ನಿಮಿಷ ನಮ್ಮ ಒಳ್ಳೆ ರೈಡರ್ ಆಟದಲ್ಲೇ ಇರಲಿಲ್ಲ. ಆ 15 ನಿಮಿಷದಲ್ಲಿ ನಮ್ಮ ಡಿಫೆನ್ಸ್ ಹಿಡಿದಿದ್ದು ಇಬ್ಬರನ್ನು. ಇಬ್ಬರನ್ನೇ.

ಪವನ್ ಮಾತು ಬಂತು. ಅವನು ಔಟಾದಾಗ ಹಿಂದೆ ಇದ್ದ ಡಿಫೆಂಡರ್‌ಗಳು ಎದುರಿನವರನ್ನು ಹಿಡಿದು ಅವನನ್ನು ಒಳಗೆ ತರುತ್ತಿದ್ದರು. ರೈಡರ್‌ನನ್ನು ಅಂಕಣಕ್ಕೆ ವಾಪಸ್ ತರುವುದೇ ಡಿಫೆನ್ಸ್. ನಮ್ಮಲ್ಲಿ ಅದು ಇರಲಿಲ್ಲ.

ಹಳೆ ಕಾರ್ನರ್:

ಪುಸ್ತಕದವರೇ, ನೀವು ಬರೆದಿದ್ದು ಎರಡು ಸಲ ಓದಿದೆ. ನಾನು 7ನೇ ನಂಬರ್ ಸುಸ್ತಾದ ಅಂದುಕೊಂಡಿದ್ದೆ. ಅವನು ಸುಸ್ತಾಗುವಷ್ಟು ಆಡಲೇ ಇಲ್ಲ ಎರಡನೇ ಅರ್ಧದಲ್ಲಿ!

ಹಾಗಾದರೆ ನನ್ನ ಮಾತು ಇನ್ನೂ ಗಟ್ಟಿಯಾಯಿತು. ನಮ್ಮ ಕಾಲದಲ್ಲಿ ಕಾರ್ನರ್‌ಗೆ ಕಾರ್ನರ್ ಅಂತಲೇ ಪ್ರಾಕ್ಟೀಸ್ ಇತ್ತು. ನಾನು ಹಿಡಿದರೆ ಪಕ್ಕದವನು ಅದೇ ಕ್ಷಣಕ್ಕೆ ಸೊಂಟಕ್ಕೆ ಬರಬೇಕು. ಚೈನ್‌ನಲ್ಲಿ ಪಕ್ಕದವನ ಕೈ ಹಿಡಿದ ಕೈ ಬಿಡಬಾರದು. ಎದುರಿನವನು ಯಾವ ಕಾಲು ಮೊದಲು ಇಡುತ್ತಾನೆ ಅಂತ ನೋಡಬೇಕು, ಮುಖ ನೋಡಬಾರದು. ಇದನ್ನೇ ತಿಂಗಳುಗಟ್ಟಲೆ ಮಾಡುತ್ತಿದ್ದೆವು. ಫೈನಲ್‌ನಲ್ಲಿ 4ನೇ ನಂಬರ್ ಕಾಲಿಗೆ ಬಿದ್ದಾಗ ಕಾರ್ನರ್‌ಗೆ ನೆರವಾಗಬೇಕಾದ ಕವರ್‌ನಲ್ಲಿದ್ದವನು ಎರಡು ಹೆಜ್ಜೆ ದೂರ ನಿಂತಿದ್ದ. ಒಬ್ಬನೇ ಹಿಡಿದರೆ ಯಾರ ಕಾಲೂ ನಿಲ್ಲುವುದಿಲ್ಲ.

ಇವತ್ತು ಗ್ರೌಂಡ್‌ಗೆ ಹೋದರೆ ಹುಡುಗರೆಲ್ಲ ರೈಡ್ ಮಾಡುವುದನ್ನೇ ಕಲಿಯುತ್ತಿದ್ದಾರೆ. ಚೈನ್ ಕೆಳಗೆ ನುಸುಳುವ ಡುಬ್ಕಿ, ಓಡುತ್ತಲೇ ಕೈಯಿಂದ ಮುಟ್ಟುವ ರನ್ನಿಂಗ್ ಹ್ಯಾಂಡ್ ಟಚ್. ಮೊಬೈಲ್‌ನಲ್ಲಿ ನೋಡುವುದೂ ಅದನ್ನೇ. ಕಾರ್ನರ್ ಆಡುತ್ತೇನೆ ಅಂತ ಬಾಯಿಬಿಟ್ಟು ಕೇಳುವ ಹುಡುಗ ಒಬ್ಬನೂ ಇಲ್ಲ.

ನಿವೃತ್ತ ಮೇಷ್ಟ್ರು:

ನಾನು ಈ ಶಾಲೆಯವನಲ್ಲ. ತೀರ್ಥಹಳ್ಳಿ ಕಡೆ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ನಿವೃತ್ತಿಯಾದ ಮೇಲೂ ಆಟ ನೋಡುವುದು ಬಿಟ್ಟಿಲ್ಲ. ಆ ಫೈನಲ್ ನೋಡಿದೆ. ಅದಕ್ಕೆ ನಾಲ್ಕು ಮಾತು.

ನಿಮ್ಮ ಮೇಷ್ಟ್ರು ಒಬ್ಬರೇ. ಅವರು ಬರೀ ಕಬಡ್ಡಿ ಕೋಚ್ ಅಲ್ಲ. ಖೋಖೋ, ವಾಲಿಬಾಲ್, ಥ್ರೋಬಾಲ್, ಓಟ, ಜಿಗಿತ, ಗುಂಡು ಎಸೆತ ಎಲ್ಲ ಅವರದೇ. ಆಗಸ್ಟ್ 15ರ ಕವಾಯತು ಅವರದು. ಪ್ರಾರ್ಥನೆ ಸಾಲು ಅವರದು. ಚುನಾವಣೆ, ಸಮೀಕ್ಷೆ ಬಂದರೆ ಅಲ್ಲೂ ಅವರ ಹೆಸರು ಇರುತ್ತದೆ. ಹುಡುಗಿಯರ ತಂಡಕ್ಕೂ ಅವರೇ. ನೀವು ಟಿವಿಯಲ್ಲಿ ನೋಡುವ ತಂಡಕ್ಕೆ ಹೆಡ್ ಕೋಚ್ ಒಬ್ಬರು, ಸಹಾಯಕ ಕೋಚ್ ಒಬ್ಬರು, ಫಿಸಿಯೋ ಬೇರೆ. ಇಲ್ಲಿ ಸೀಟಿಯೂ ಅವರದೇ, ಸುಣ್ಣದ ಗೆರೆಯೂ ಅವರದೇ.

ಇನ್ನೊಂದು ಮಳೆ. ಇದನ್ನು ಬಯಲುಸೀಮೆಯವರಿಗೆ ಎಷ್ಟು ಹೇಳಿದರೂ ಅರ್ಥವಾಗುವುದಿಲ್ಲ. ಜೂನ್‌ನಲ್ಲಿ ಶಾಲೆ ಶುರು. ಅದೇ ಹೊತ್ತಿಗೆ ಮಳೆಯೂ ಶುರು. ಹೋಬಳಿ, ತಾಲ್ಲೂಕು ಕ್ರೀಡಾಕೂಟ ಬರುವುದು ಮಳೆಗಾಲದಲ್ಲೇ. ಚಿತ್ರದುರ್ಗದ ಹುಡುಗರು ಜುಲೈಯಲ್ಲಿ ದಿನಾ ಎರಡು ಗಂಟೆ ಅಂಕಣದಲ್ಲಿರುತ್ತಾರೆ. ನಮ್ಮ ಹುಡುಗರು ಜುಲೈಯಲ್ಲಿ ಮಳೆ ರಜೆಯಲ್ಲಿ ಮನೆಯಲ್ಲಿರುತ್ತಾರೆ, ಇಲ್ಲದಿದ್ದರೆ ಗದ್ದೆಯಲ್ಲಿ ಸಸಿ ಕೀಳುತ್ತಿರುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ನಾನು ಶಾಲೆಯ ಜಗಲಿಯಲ್ಲಿ ಗೋಣಿಚೀಲ ಹಾಸಿ ಹುಡುಗರಿಗೆ ಹಿಡಿತ ಕಲಿಸಿದ್ದೇನೆ. ಜಗಲಿಯಲ್ಲಿ ಏಳು ಜನರ ಚೈನ್ ನಿಲ್ಲಿಸಲು ಜಾಗ ಎಲ್ಲಿ? ಒಬ್ಬೊಬ್ಬರ ರೈಡ್ ಮಾತ್ರ ಅಭ್ಯಾಸ ಮಾಡಿಸಬಹುದು. ನಿಮ್ಮ ತಂಡದಲ್ಲಿ ರೈಡರ್ ಇದ್ದು ಡಿಫೆನ್ಸ್ ಇಲ್ಲದಿರುವುದಕ್ಕೆ ಇದೂ ಒಂದು ಕಾರಣ.

ತೋಟದ ಮನೆ:

ಮೇಷ್ಟ್ರೇ, ನಿಮ್ಮ ಮಾತಿಗೆ ಗೌರವ ಇದೆ. ಆದರೆ ನಮ್ಮನ್ನು ಸೋಲಿಸಿದ ತಂಡ ಚಿತ್ರದುರ್ಗದ್ದಲ್ಲ, ನಮ್ಮದೇ ಜಿಲ್ಲೆಯದು. ಅವರಿಗೂ ಮಳೆ ಬರುತ್ತದೆ ಅಲ್ವಾ?

ಘಟ್ಟದ ಕೆಳಗೆ:

ಅವರಿಗೆ ಮಳೆ ಬಂದರೆ ಮ್ಯಾಟ್ ಇದೆ. ಅದೇ ವ್ಯತ್ಯಾಸ.

ನಾನು ಸಾಗರದವನೇ, ಈಗ ಕೆಲಸಕ್ಕೆ ಕಾರ್ಕಳದಲ್ಲಿದ್ದೇನೆ. ರಜೆ ಹಾಕಿ ಬಂದು ಫೈನಲ್ ನೋಡಿದೆ. ಆಟ ಹೊರಗಿನ ಮಣ್ಣಿನ ಅಂಕಣದಲ್ಲಿ ನಡೆಯಬೇಕಿತ್ತು. ಬೆಳಿಗ್ಗೆ ಮಳೆ ಹೊಡೆದು ಕೆರೆಯಾಯಿತು. ಒಳಗೆ ಮ್ಯಾಟ್ ಮೇಲೆ ಆಡಿಸಿದರು. ನಮ್ಮ ಹುಡುಗರ ಕಾಲು ನೋಡಿದಿರಾ? ಬರಿಗಾಲು. ಎದುರಿನವರಲ್ಲಿ ಆರು ಜನಕ್ಕೆ ಶೂ ಇತ್ತು.

ಮಣ್ಣಿನಲ್ಲಿ ಬರಿಗಾಲು ಒಳ್ಳೆಯದು. ಬೆರಳು ನೆಲ ಕಚ್ಚುತ್ತದೆ. ಮ್ಯಾಟ್ ಮೇಲೆ ಬೆವರಿನ ಬರಿಗಾಲು ಜಾರುತ್ತದೆ, ತಿರುಗಿದರೆ ಚರ್ಮ ಕಿತ್ತು ಬರುತ್ತದೆ. 4ನೇ ನಂಬರ್ ಮುಂದಕ್ಕೆ ಹಾರಿ ಆಂಕಲ್ ಹಾಕುವಾಗ ಹಿಂದಿನ ಕಾಲು ಎರಡು ಸಲ ಜಾರಿತು. ನಾನು ಅವನ ಪಕ್ಕದ ಗೆರೆಯಲ್ಲೇ ನಿಂತಿದ್ದೆ. 10ನೇ ನಂಬರ್ ಒಂದು ರೈಡ್‌ನಲ್ಲಿ ಯಾರನ್ನೂ ಮುಟ್ಟುವ ಮೊದಲೇ ಜಾರಿ ಅಂಕಣದ ಬದಿಯ ಲಾಬಿ ಪಟ್ಟಿಗೆ ಹೋಗಿ ಔಟಾದ. ಮಣ್ಣಿನಲ್ಲಾಗಿದ್ದರೆ ಆ ಕಾಲು ನಿಲ್ಲುತ್ತಿತ್ತು.

ಇಲ್ಲಿ ಕರಾವಳಿಯಲ್ಲೂ ಮಳೆ ಕಡಿಮೆಯೇನಿಲ್ಲ. ಮಳೆ ನಿಂತ ಮೇಲೆ ಊರೂರಲ್ಲಿ ಹೊನಲು ಬೆಳಕಿನ ಪಂದ್ಯ ಇಡುತ್ತಾರೆ. ಶಾಲೆ ಹುಡುಗರು ಅಲ್ಲಿ ದೊಡ್ಡವರ ಜೊತೆ ಆಡಿ ಗಟ್ಟಿಯಾಗುತ್ತಾರೆ. ಮಮತಾ ಪೂಜಾರಿ ಇದೇ ಕಾರ್ಕಳದ ಹೆರ್ಮುಂಡೆಯವರು. 2010 ಮತ್ತು 2014ರ ಏಷ್ಯನ್ ಗೇಮ್ಸ್ ಎರಡರಲ್ಲೂ ಚಿನ್ನ ಗೆದ್ದ ತಂಡದಲ್ಲಿದ್ದರು. ಆಗುಂಬೆ ಘಾಟಿ ಇಳಿದರೆ ಒಂದು ಗಂಟೆ ದಾರಿಯೂ ಇಲ್ಲ ಆ ಊರಿಗೆ. ನಮ್ಮ ಹುಡುಗರಿಗೆ ಆಗುವುದಿಲ್ಲ ಅಂತ ನಾನು ಒಪ್ಪುವುದಿಲ್ಲ.

ಹಿನ್ನೀರಿನ ಹುಡುಗ:

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಮೇಷ್ಟ್ರನ್ನು ಬದಲಾಯಿಸಿ ಅನ್ನುವ ಮಾತು ನೋಡಿ ತಡೆಯಲಾಗಲಿಲ್ಲ.

ನಮ್ಮ ಮನೆ ಶರಾವತಿ ಹಿನ್ನೀರಿನ ಆಚೆ. ಈಗ 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಆಯಿತು. ಎರಡೂವರೆ ಕಿಲೋಮೀಟರ್ ಹತ್ತಿರ ಇದೆ, ಬೈಕಿನಲ್ಲಿ ಐದು ನಿಮಿಷ. ನಾನು ಓದುವಾಗ ಲಾಂಚ್ ಒಂದೇ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಮನೆ ಇಲ್ಲ. ಕಬಡ್ಡಿ ಪ್ರಾಕ್ಟೀಸ್ ಇದ್ದ ದಿನ ನನಗೆ ಲಾಂಚ್ ಸಿಗುತ್ತಿರಲಿಲ್ಲ. ಅಪ್ಪ ಆಟ ಬಿಡು ಅಂದರು. ಬಿಡುತ್ತೇನೆ ಅಂತ ಹೇಳಲು ಹೋದೆ. ಇದೇ ಮೇಷ್ಟ್ರು ಏನೂ ಹೇಳದೆ ಅವತ್ತು ಸಂಜೆ ಅವರ ಮನೆಗೆ ಕರೆದುಕೊಂಡು ಹೋದರು. ಅವರ ಮನೆಯ ಅಕ್ಕ ಗಂಜಿ, ಉಪ್ಪಿನಕಾಯಿ, ಹಪ್ಪಳ ಬಡಿಸಿದರು. ಎರಡು ವರ್ಷ ವಾರದಲ್ಲಿ ಮೂರು ರಾತ್ರಿ ಅಲ್ಲೇ ಮಲಗಿದ್ದೇನೆ. ಒಂದು ರೂಪಾಯಿ ಕೇಳಲಿಲ್ಲ. ಇವತ್ತು ನಾನು ಸ್ಪೋರ್ಟ್ಸ್ ಕೋಟಾದಲ್ಲಿ ಓದಿ ಕೆಲಸದಲ್ಲಿದ್ದೇನೆ.

ಅವರ ಕೋಚಿಂಗ್‌ನಲ್ಲಿ ಕೊರತೆ ಇರಬಹುದು. ಮ್ಯಾಟ್ ಕಬಡ್ಡಿ ಅವರು ಆಡಿದವರಲ್ಲ. ಹೇಳಿ, ಕೂತು ಮಾತಾಡಿ. ಆದರೆ ತೆಗೆಯಿರಿ ಅನ್ನಬೇಡಿ.

ಬುಲ್ಸ್ ಅಭಿಮಾನಿ:

ಇದು ನನಗೆ ಗೊತ್ತಿರಲಿಲ್ಲ ಮಾರಾಯ್ರೇ. ನಾನು ಮೇಷ್ಟ್ರ ವಿರುದ್ಧ ಏನೂ ಹೇಳಲಿಲ್ಲ, ಆದರೂ ಓದಿ ಒಂಥರಾ ಆಯಿತು.

4ನೇ ನಂಬರ್ ಅಮ್ಮ:

ನಾನು ಇಲ್ಲಿ ಯಾವತ್ತೂ ಬರೆದಿಲ್ಲ. ಮಗನ ಬಗ್ಗೆ ಬಂದಿದೆ ಅಂತ ಪಕ್ಕದ ಮನೆಯವರು ತೋರಿಸಿದರು. ಅದಕ್ಕೆ ಬರೆಯುತ್ತಿದ್ದೇನೆ.

ಅವನು ಮೂರು ಸಲ ಕಾಲು ಬಿಟ್ಟಿದ್ದು ನಿಜ. ಯಾಕೆ ಬಿಟ್ಟ ಅಂತ ನಿಮಗೆ ಗೊತ್ತಿರಲಿ. ಆಟಕ್ಕೆ ಮೊದಲು ತೂಕ ನೋಡುತ್ತಾರಂತೆ. ಇವನು ತೂಕದ ಮಿತಿಗಿಂತ ಒಂದೂವರೆ ಕೆಜಿ ಜಾಸ್ತಿ ಇದ್ದನಂತೆ. ನಮಗೆ ಹೇಳಲಿಲ್ಲ. ಮೂರು ದಿನ ರಾತ್ರಿ ಊಟ ಬಿಟ್ಟಿದ್ದಾನೆ. ಹೊಟ್ಟೆ ಸರಿಯಿಲ್ಲ ಅಂತ ನನಗೆ ಸುಳ್ಳು ಹೇಳಿದ. ಹೋಗುವ ದಿನ ಬೆಳಿಗ್ಗೆ ನೀರೂ ಕುಡಿಯದೆ ಹೋಗಿದ್ದಾನೆ. ತೂಕ ನೋಡಿದ ಮೇಲೆ ಎರಡು ಬಾಳೆಹಣ್ಣು ತಿಂದನಂತೆ. ಅಷ್ಟೇ. ಸೆಮಿಫೈನಲ್, ಫೈನಲ್ ಎರಡೂ ಅದರಲ್ಲೇ ಆಡಿದ್ದಾನೆ. ಎರಡನೇ ಅರ್ಧದಲ್ಲಿ ಮೀನಖಂಡ ಹಿಡಿದುಕೊಂಡು ಕೈಯಲ್ಲಿ ಬಲವೇ ಇರಲಿಲ್ಲ ಅಂತ ನಿನ್ನೆ ರಾತ್ರಿ ಅಳುತ್ತಾ ಹೇಳಿದ.

ಇವನ ಅಪ್ಪ ಕೊನೆಗಾರ. ಅಡಿಕೆ ಮರ ಹತ್ತುವ ಮನೆಯ ಹುಡುಗನಿಗೆ ಹಿಡಿತ ಹೇಗೆ ಅಂತ ನಾವು ಹೇಳಿಕೊಡಬೇಕಾಗಿಲ್ಲ. ಹಸಿದ ಕೈ ಅದು.

ಮೇಷ್ಟ್ರು ಊಟ ಬಿಡು ಅಂದರಾ ಅಂತ ಕೇಳಿದೆ. ಇಲ್ಲ, ಹೋದ ವರ್ಷ ಆಡಿದ ದೊಡ್ಡ ಹುಡುಗರು ಹೇಳಿಕೊಟ್ಟರು ಅಂದ. ಮೇಷ್ಟ್ರಿಗೆ ಗೊತ್ತಾದರೆ ತಂಡದಿಂದ ಬಿಡುತ್ತಾರೆ ಅಂತ ಅವರಿಗೂ ಹೇಳಲಿಲ್ಲವಂತೆ.

ಯಾರನ್ನೂ ಬೈಯುತ್ತಿಲ್ಲ. ನನ್ನ ಮಗ ಬೇಕಂತ ಬಿಡಲಿಲ್ಲ ಅಂತ ಹೇಳಬೇಕಿತ್ತು, ಹೇಳಿದೆ.

ಹಳೆ ಕಾರ್ನರ್:

ಅಕ್ಕಾ, ನನ್ನದು ತಪ್ಪಾಯಿತು. ದಯವಿಟ್ಟು ಹುಡುಗನಿಗೂ ಹೇಳಿ, ಒಬ್ಬ ಹಳೆ ಕಾರ್ನರ್ ಕ್ಷಮೆ ಕೇಳಿದ್ದಾನೆ ಅಂತ. ಗ್ಯಾಲರಿಯಲ್ಲಿ ಕೂತು ಕೈ ಬಿಟ್ಟ, ಕೈ ಬಿಟ್ಟ ಅಂತ ಕೂಗಿದವರಲ್ಲಿ ನಾನೂ ಒಬ್ಬ. ಅವನಿಗೆ ಕೇಳಿಸಿರಬೇಕು. ಒಳಾಂಗಣದಲ್ಲಿ ಎಲ್ಲ ಕೇಳಿಸುತ್ತದೆ.

ಇನ್ನೊಂದು ಹೇಳಲೇಬೇಕು. ನಾನೂ 16ನೇ ವಯಸ್ಸಿನಲ್ಲಿ ಇದನ್ನೇ ಮಾಡಿದ್ದೆ. ತೂಕ ಇಳಿಸಲು ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಗುಡ್ಡ ಹತ್ತಿ ಓಡಿದ್ದೆ. ನಾನೂ ಯಾರಿಗೂ ಹೇಳಲಿಲ್ಲ. ನಮ್ಮ ಸೀನಿಯರ್‌ಗಳು ನಮಗೆ ಹೇಳಿದರು, ನಾವು ನಮ್ಮ ಜೂನಿಯರ್‌ಗಳಿಗೆ ಹೇಳಿದೆವು. ಹಾಗೆ ಇವನವರೆಗೆ ಬಂದಿದೆ. ಇದರಲ್ಲಿ ಹಳೆ ಹುಡುಗರಾದ ನಮ್ಮ ಪಾಲೇ ಜಾಸ್ತಿ.

ನಿವೃತ್ತ ಮೇಷ್ಟ್ರು:

ತಾಯೀ, ನೀವು ಬರೆದಿದ್ದು ಒಳ್ಳೆಯದಾಯಿತು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ತೂಕದ ಮಿತಿ ಇಟ್ಟಿದ್ದು ಸಣ್ಣ ಮಕ್ಕಳ ಮೇಲೆ ದೊಡ್ಡ ಮೈಯವರು ಬಿದ್ದು ಪೆಟ್ಟಾಗಬಾರದು ಅಂತ. ಕಬಡ್ಡಿ ಫೆಡರೇಶನ್‌ನ ಸಬ್ ಜೂನಿಯರ್ ಹುಡುಗರ ವಿಭಾಗದಲ್ಲಿ 16 ವರ್ಷ, 55 ಕೆಜಿ ಅಂತ ಇದೆ. ಶಾಲಾ ಆಟಗಳಿಗೂ ಮಿತಿ ಇದೆ. ಆದರೆ 15–16ರ ಹುಡುಗ ಬೆಳೆಯುವ ವಯಸ್ಸಿನವನು. ಜೂನ್‌ನಲ್ಲಿ ಮಿತಿಯೊಳಗೆ ಇದ್ದವನು ಸೆಪ್ಟೆಂಬರ್‌ಗೆ ಎರಡು ಕೆಜಿ ಏರಿರುತ್ತಾನೆ. ಎತ್ತರ ಬೆಳೆದಿರುತ್ತಾನೆ. ಅದು ತಪ್ಪಲ್ಲ, ಆರೋಗ್ಯ.

ನಾನು ಕಲಿತಿದ್ದು ಹೇಳುತ್ತೇನೆ. ಪ್ರತಿ ಸೋಮವಾರ ತಂಡದ ಎಲ್ಲರ ತೂಕ ನೋಡಬೇಕು. ಸೊಸೈಟಿಯಲ್ಲೋ ಅಂಗಡಿಯಲ್ಲೋ ತಕ್ಕಡಿ ಇದ್ದೇ ಇರುತ್ತದೆ. ಮಿತಿಗೆ ಹತ್ತಿರ ಬಂದವನಿಗೆ ಮೊದಲೇ ಹೇಳಬೇಕು: ನೀನು ಮೇಲಿನ ವಿಭಾಗಕ್ಕೆ ತಯಾರಾಗು, ಊಟ ಬಿಡಬೇಡ. ಅವನ ಜಾಗಕ್ಕೆ ಇನ್ನೊಬ್ಬನನ್ನು ಆಗಲೇ ತಯಾರು ಮಾಡಬೇಕು. 12 ಜನರ ತಂಡ ಅಂದರೆ ಏಳು ಜನ ಆಡಿ ಐದು ಜನ ಚೀಲ ಕಾಯುವುದಲ್ಲ.

ನನ್ನ ಮೊದಲ ವರ್ಷಗಳಲ್ಲಿ ನಾನೂ ಇದನ್ನು ಮಾಡಲಿಲ್ಲ. ಒಬ್ಬ ಹುಡುಗ ಬಿಸಿಲಲ್ಲಿ ತಲೆಸುತ್ತಿ ಬಿದ್ದ ಮೇಲೆ ಕಲಿತೆ.

ರೈಟ್ ಕವರ್ ಅಕ್ಕ:

ನಾನು ಇದೇ ಶಾಲೆಯ ಹುಡುಗಿಯರ ತಂಡದಲ್ಲಿ ಆಡಿದವಳು. ಇಷ್ಟು ಉದ್ದ ಚರ್ಚೆಯಲ್ಲಿ ಹುಡುಗಿಯರ ತಂಡದ ಮಾತು ಒಂದೇ ಒಂದು ಸಾಲು ಬಂತು, ಅದೂ ಮೇಷ್ಟ್ರ ಕೆಲಸದ ಪಟ್ಟಿಯಲ್ಲಿ. ಈ ವರ್ಷ ಅವರು ತಾಲ್ಲೂಕಿನಲ್ಲೇ ಸೋತರು. ಎಷ್ಟಕ್ಕೆ ಸೋತರು ಅಂತ ಯಾರಿಗಾದರೂ ಗೊತ್ತಾ? ನೋಡಲು ನಾವು ನಾಲ್ಕು ಜನ ಹೋಗಿದ್ದೆವು.

ಈಗ ಕೋಚಿಂಗ್ ಬಗ್ಗೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್ ನನಗೆ ಇವತ್ತಿಗೂ ಮರೆಯಲಾಗುವುದಿಲ್ಲ. ನಮ್ಮ ಗಂಡಸರ ತಂಡ ಸೆಮಿಫೈನಲ್‌ನಲ್ಲಿ ಇರಾನ್‌ಗೆ ಸೋತಿತು. ಮರುದಿನ ಫೈನಲ್‌ನಲ್ಲಿ ಹೆಂಗಸರ ತಂಡವೂ ಇರಾನ್‌ಗೆ 24–27ರಲ್ಲಿ ಸೋತಿತು. ಇರಾನ್ ಹೆಂಗಸರಿಗೆ ಕೋಚ್ ಯಾರು? ಶೈಲಜಾ ಜೈನ್. ನಮ್ಮ ದೇಶದವರೇ, ನಾಸಿಕ್‌ನವರು. ಅವರು ಆ ದೇಶಕ್ಕೆ ಹೋಗಿ ಒಂದು ತಂಡ ಕಟ್ಟಿ ನಮ್ಮನ್ನೇ ಸೋಲಿಸಿದರು. ಇರಾನ್‌ನವರ ಆಟ ನೋಡಿದರೆ ಗೊತ್ತಾಗುತ್ತದೆ, ಡಿಫೆನ್ಸ್‌ನಲ್ಲಿ ಒಬ್ಬರು ಹಿಡಿದರೆ ಇನ್ನಿಬ್ಬರು ಮೇಲೆ ಬಿದ್ದಿರುತ್ತಾರೆ.

ಮೇಲೆ ಪವನ್ ಆಟದ ಮಾತು ಬಂತು. ಅದೇ ಪ್ರೊ ಕಬಡ್ಡಿಯ 2024ರ ಮಾರ್ಚ್ ಫೈನಲ್ ನೋಡಿ. ಪುಣೇರಿ ಪಲ್ಟನ್ 28–25ರಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ ಗೆದ್ದಿತು. ಕೋಚ್ ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಎರಡೂ ಕಡೆ ಮೂವತ್ತು ದಾಟದ ಮ್ಯಾಚ್. ಅಂಥ ಮ್ಯಾಚ್ ಗೆಲ್ಲಿಸುವುದು ಹಿಡಿತ.

ನನ್ನ ಸಲಹೆ ಇಷ್ಟೇ. ನಾನು ಕವರ್ ಆಡಿದವಳು. ಈಗ ಊರಿನಲ್ಲೇ ಇದ್ದೇನೆ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಬರುತ್ತೇನೆ. ಹುಡುಗರು, ಹುಡುಗಿಯರು ಇಬ್ಬರಿಗೂ ಡಿಫೆನ್ಸ್ ಹೇಳಿಕೊಡುತ್ತೇನೆ. ಹುಡುಗರಿಗೆ ಮಾತ್ರ ಅಂದರೆ ಬರುವುದಿಲ್ಲ.

ಹಳೆ ಕಾರ್ನರ್:

ಇಬ್ಬರಿಗೂ. ಬನ್ನಿ ಅಕ್ಕ. ನಾನೂ ಇರುತ್ತೇನೆ. ಎಡಗಡೆ ಕಾರ್ನರ್ ನನ್ನದು, ಕವರ್ ನಿಮ್ಮದು. ಇವತ್ತು ಸಂಜೆ ಮೇಷ್ಟ್ರ ಮನೆಗೆ ಹೋಗಿ ಕೇಳುತ್ತೇನೆ. ಅವರ ಒಪ್ಪಿಗೆ ಇಲ್ಲದೆ ಗ್ರೌಂಡ್‌ಗೆ ಕಾಲಿಡುವುದು ಸರಿಯಲ್ಲ.

ತೋಟದ ಮನೆ:

ಕೋಪದಲ್ಲಿ ಬರೆದಿದ್ದೆ. ತಂಡ ಗೆಲ್ಲಬೇಕು ಅನ್ನುವ ಆಸೆ, ಬೇರೇನಿಲ್ಲ. ಮೇಷ್ಟ್ರ ಬದಲಾವಣೆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಟೈಮ್ ಔಟ್ ಬಗ್ಗೆ ಹೇಳಿದ್ದು ಬಿಡುವುದಿಲ್ಲ. ಒಂದು ಅರ್ಧಕ್ಕೆ ಎರಡು ಟೈಮ್ ಔಟ್, ಒಂದೊಂದು 30 ಸೆಕೆಂಡ್. ರೈಡರ್ ಹೊರಗೆ ಕೂತಾಗ ಬೋನಸ್ ಬೇಡ, ಒಬ್ಬನನ್ನಾದರೂ ಮುಟ್ಟಿ ಬಾ ಅಂತ 10ನೇ ನಂಬರ್‌ಗೆ ಆ 30 ಸೆಕೆಂಡಿನಲ್ಲಿ ಹೇಳಬಹುದಿತ್ತು. ಅದನ್ನು ಪುಸ್ತಕದವರು ಲೆಕ್ಕ ಹಾಕಿ ಮೇಷ್ಟ್ರ ಪಕ್ಕದಲ್ಲಿ ಕೂತು ಹೇಳಲಿ. ಸುಮ್ನೆ ಗ್ಯಾಲರಿಯಲ್ಲಿ ಬರೆದು ಏನು ಉಪಯೋಗ?

ಜಾಗಕ್ಕೆ ನಮ್ಮ ಅಡಿಕೆ ಅಂಗಳ ಇದೆ. ಮೇಲೆ ಶೀಟ್ ಹಾಕಿದೆ, ಮಳೆ ಬೀಳುವುದಿಲ್ಲ. ಕೊಯ್ಲು ಶುರುವಾಗುವವರೆಗೆ ಖಾಲಿ. ಉದ್ದ ಸ್ವಲ್ಪ ಕಡಿಮೆ, ಅರ್ಧ ಅಂಕಣ ಬರುತ್ತದೆ. ಡಿಫೆನ್ಸ್‌ಗೆ ಅರ್ಧ ಅಂಕಣವೇ ಸಾಕಲ್ಲ? ನೆಲ ಸಿಮೆಂಟ್, ಹಾಗಾಗಿ ಸಾಮಿಲ್ಲಿನಿಂದ ಹೊಟ್ಟು ತಂದು ಹಾಸಿ ಮೇಲೆ ಟಾರ್ಪಾಲ್ ಎಳೆಯಬೇಕು.

ನಿವೃತ್ತ ಮೇಷ್ಟ್ರು:

ಹೊಟ್ಟು ಆರು ಇಂಚಾದರೂ ಇರಲಿ. ಸಿಮೆಂಟ್ ಮೇಲೆ ಮೊಣಕಾಲು ಹೋದರೆ ಮತ್ತೆ ಬರುವುದಿಲ್ಲ. ಮೊದಲ ಎರಡು ವಾರ ಮೈಯಿಂದ ಗುದ್ದಿ ತಳ್ಳುವ ಡ್ಯಾಶ್, ಅಡ್ಡ ನಿಂತು ತಡೆಯುವ ಬ್ಲಾಕ್ ಬೇಡ. ಕಾಲು ಹಿಡಿಯುವುದು, ಚೈನ್ ಜೊತೆ ಹೆಜ್ಜೆ ಹಾಕುವುದು, ಅಷ್ಟೇ.

ಘಟ್ಟದ ಕೆಳಗೆ:

ಶೂ ವಿಷಯ ನನಗೆ ಬಿಡಿ. ಹುಡುಗರು, ಹುಡುಗಿಯರು ಎಲ್ಲರ ಕಾಲಿನ ಅಳತೆ ಕಳಿಸಿ. ನಾವು ಸಾಗರದವರು ಇಲ್ಲಿ ಎಂಟು ಹತ್ತು ಜನ ಇದ್ದೇವೆ, ಹಂಚಿಕೊಳ್ಳುತ್ತೇವೆ. ಒಂದು ಸೈಜ್ ದೊಡ್ಡದು ತರಬೇಡಿ ಅಂತ ಯಾರೂ ಹೇಳುವ ಮೊದಲೇ ಹೇಳುತ್ತೇನೆ. ಬೆಳೆಯುವ ಕಾಲು ಅಂತ ಸಡಿಲ ಶೂ ಹಾಕಿದರೆ ಮ್ಯಾಟ್ ಮೇಲೆ ಪಾದ ಹೊರಳುತ್ತದೆ.

ಹಳೆ ಕಾರ್ನರ್:

ಮೇಷ್ಟ್ರ ಮನೆಗೆ ಹೋಗಿ ಈಗ ಬಂದೆ. ಈ ಚರ್ಚೆ ಅವರು ಓದಿದ್ದಾರೆ. ಮೊದಲಿನಿಂದ ಕೊನೆವರೆಗೆ. ಬೇಜಾರು ಮಾಡಿಕೊಂಡಿರಬಹುದು ಅಂತ ಹೆದರಿದ್ದೆ. ಅವರು ಕೇಳಿದ್ದು ಒಂದೇ, ಆ ಹುಡುಗ ಊಟ ಮಾಡಿದನಾ ಅಂತ. ಬೆಳಿಗ್ಗೆಯೇ ಅವನ ಮನೆಗೆ ಹೋಗಿ ಬಂದಿದ್ದಾರೆ. ಆಮೇಲೆ ತಂಡದ ಪಟ್ಟಿ ಇರುವ ರಿಜಿಸ್ಟರ್ ತೆಗೆದು ಒಂದು ಹೊಸ ಗೆರೆ ಎಳೆದು ತೂಕ ಅಂತ ಬರೆದರು.

ಭಾನುವಾರದ ವಿಷಯ ಹೇಳಿದೆ. ಕವರ್ ಆಡಿದ ಹುಡುಗಿ ಬರುತ್ತಾಳೆ ಅಂದಿದ್ದಕ್ಕೆ ಮುಖ ಅರಳಿತು. ಅವಳ ಆಟ ಅವರಿಗೆ ಚೆನ್ನಾಗಿ ನೆನಪಿದೆ. ನನ್ನ ಆಟದ ಬಗ್ಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

4ನೇ ನಂಬರ್ ಅಮ್ಮ:

ಮೇಷ್ಟ್ರು ಬಂದಿದ್ದರು. ಮುಂದಿನ ವರ್ಷ ಮೇಲಿನ ವಿಭಾಗಕ್ಕೆ ಆಡು, ಎಷ್ಟು ಬೇಕಾದರೂ ತಿನ್ನು ಅಂದರು. ಇವನು ಅವರ ಎದುರಿಗೇ ಕೂತು ನಾಲ್ಕು ಕಡುಬು ತಿಂದ. ಭಾನುವಾರ ಎಷ್ಟು ಹೊತ್ತಿಗೆ ಬರಬೇಕು ಅಂತ ಕೇಳುತ್ತಿದ್ದಾನೆ.

ಸ್ಕೋರ್ ಪುಸ್ತಕ:

ಏಳು ಗಂಟೆಗೆ. ಹೊಟ್ಟು ಶನಿವಾರ ಸಂಜೆಯೇ ಬರುತ್ತದೆ, ಸಾಮಿಲ್ಲಿನಲ್ಲಿ ಮಾತಾಡಿದ್ದೇನೆ. ಇಳಿಸಿ ಹಾಸಲು ಆರು ಜನ ಬೇಕು. ಸಲಿಕೆ ಇದ್ದವರು ಸಲಿಕೆ ತನ್ನಿ. ನಾನು ಬುಟ್ಟಿ ತರುತ್ತೇನೆ, ಹೊಸ ನೋಟ್‌ಬುಕ್ಕೂ ತರುತ್ತೇನೆ. ಈ ಸಲ ಡಿಫೆನ್ಸ್‌ಗೆ ಬೇರೆ ಪುಟ, ಹುಡುಗಿಯರ ತಂಡಕ್ಕೆ ಬೇರೆ ಪುಸ್ತಕ.